ಒಂದೇ ಸಿಂಬಲ್‌ನ ಡ್ರಮ್ ಸೆಟ್: ಆಯ್ಕೆ ಹೇಗೆ?

ರಾಕಬಿಲಿ ಸಂಗೀತಕ್ಕೆ ಬೇಕಾದ ಡ್ರಮ್ ಸೆಟ್ ಬಹಳ ಚಿಕ್ಕದು. ಒಂದು ಬಾಸ್ ಡ್ರಮ್, ಒಂದು ಸ್ನೇರ್, ಒಂದು ಸಿಂಬಲ್ ಇದ್ದರೆ ಕಛೇರಿ ನಡೆಯುತ್ತದೆ. ಟಾಮ್ ಡ್ರಮ್‌ಗಳು ಬೇಡ. ಹೈಹ್ಯಾಟನ್ನೂ ಅನೇಕರು ಬಿಡುತ್ತಾರೆ. ದೊಡ್ಡ ಸೆಟ್‌ನಲ್ಲಿ ನಾಲ್ಕೈದು ಸಿಂಬಲ್‌ಗಳು ಹಂಚಿಕೊಳ್ಳುವ ಕೆಲಸವೆಲ್ಲ ಇಲ್ಲಿ ಒಂದೇ ತಟ್ಟೆಯ ಮೇಲೆ ಬೀಳುತ್ತದೆ. ಆ ಒಂದು ತಟ್ಟೆ ಸರಿಯಿಲ್ಲದಿದ್ದರೆ ಅದರ ಕೊರತೆ ತುಂಬಲು ಪಕ್ಕದಲ್ಲಿ ಇನ್ನೊಂದು ಇರುವುದಿಲ್ಲ. ಹೀಗಾಗಿ ಇಡೀ ಸೆಟ್‌ನಲ್ಲಿ ಅತಿ ಹೆಚ್ಚು ಯೋಚಿಸಿ ಕೊಳ್ಳಬೇಕಾದದ್ದು ಸಿಂಬಲ್.

ಬೆಂಗಳೂರಿನ ಇಟ್ಟಮಡು, ಕತ್ರಿಗುಪ್ಪೆ, ಹೊಸಕೆರೆಹಳ್ಳಿ ಸುತ್ತಿನ ಬಡಾವಣೆಗಳಿಗೆ ಇಂಥ ಪುಟ್ಟ ಸೆಟ್ ಹೇಳಿಮಾಡಿಸಿದಂತಿದೆ. ಮನೆಗಳ ಗೋಡೆಗೆ ಗೋಡೆ ತಾಗಿರುತ್ತದೆ, ಅಭ್ಯಾಸಕ್ಕೆ ಸಿಗುವುದು ಒಂದು ಕೋಣೆ, ಕಾರ್ಯಕ್ರಮಕ್ಕೆ ವಾದ್ಯ ಹೊರುವುದು ಸ್ಕೂಟರ್ ಇಲ್ಲವೇ ಆಟೊ. ಸಿಂಬಲ್ ಆಯ್ಕೆ ಮಾಡುವಾಗ ಸಂಗೀತದ ಜೊತೆಗೆ ಈ ಸಂಗತಿಗಳೂ ಲೆಕ್ಕಕ್ಕೆ ಬರುತ್ತವೆ.

ಸೆಟ್ ಇಷ್ಟು ಚಿಕ್ಕದಾದದ್ದು ಏಕೆ

1950ರ ದಶಕದ ನಡುಭಾಗದಲ್ಲಿ ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಕಂಟ್ರಿ ಸಂಗೀತ ಮತ್ತು ಆಫ್ರಿಕನ್-ಅಮೆರಿಕನ್ನರ ಬ್ಲೂಸ್ ಕೂಡಿ ರಾಕಬಿಲಿ ಹುಟ್ಟಿತು. ಮೆಂಫಿಸ್ ನಗರದ ಸನ್ ರೆಕಾರ್ಡ್ಸ್ ಸ್ಟುಡಿಯೊದಲ್ಲಿ 1954ರ ಜುಲೈ ತಿಂಗಳಲ್ಲಿ ಎಲ್ವಿಸ್ ಪ್ರೆಸ್ಲಿ ಬಿಡುಗಡೆಯಾದ ತಮ್ಮ ಮೊದಲ ಹಾಡನ್ನು ಧ್ವನಿಮುದ್ರಿಸಿದಾಗ ಅಲ್ಲಿ ಡ್ರಮ್ಮೇ ಇರಲಿಲ್ಲ. ಗಿಟಾರ್ ನುಡಿಸಿದವರು ಸ್ಕಾಟಿ ಮೂರ್, ಡಬಲ್ ಬಾಸ್ ನುಡಿಸಿದವರು ಬಿಲ್ ಬ್ಲ್ಯಾಕ್. ಬ್ಲ್ಯಾಕ್ ತಂತಿಯನ್ನು ಎಳೆದು ಬಿಟ್ಟು ಹಲಗೆಗೆ ಬಡಿಸುತ್ತಿದ್ದರು. ಆ ಚಟಪಟ ಸದ್ದೇ ತಾಳದ ಕೆಲಸ ಮಾಡುತ್ತಿತ್ತು. ಡ್ರಮ್ ನುಡಿಸುವ ಡಿ.ಜೆ. ಫೊಂಟಾನಾ ತಂಡಕ್ಕೆ ಸೇರಿದ್ದು 1955ರಲ್ಲಿ. ಅದೇ ವರ್ಷದ ಡಿಸೆಂಬರ್‌ನಲ್ಲಿ ಕಾರ್ಲ್ ಪರ್ಕಿನ್ಸ್ ಸನ್ ಸಂಸ್ಥೆಗೆ ಹಾಡಿದ ‘ಬ್ಲೂ ಸ್ವೇಡ್ ಶೂಸ್’ಗೆ ಡಬ್ಲ್ಯು.ಎಸ್. ಹಾಲೆಂಡ್ ಡ್ರಮ್ ನುಡಿಸಿದರು.

ಕಾಲು ಶತಮಾನದ ನಂತರ ನ್ಯೂಯಾರ್ಕ್ ಬಳಿಯ ಲಾಂಗ್ ಐಲೆಂಡಿನ ಸ್ಟ್ರೇ ಕ್ಯಾಟ್ಸ್ ತಂಡ ಈ ಸಂಗೀತಕ್ಕೆ ಮತ್ತೆ ಜೀವ ತುಂಬಿತು. ಅದರ ಡ್ರಮ್ ವಾದಕ ಸ್ಲಿಮ್ ಜಿಮ್ ಫ್ಯಾಂಟಮ್ ವೇದಿಕೆಯ ಮುಂದುಗಡೆ ನಿಂತುಕೊಂಡೇ, ಕೈಯಳತೆಯ ಸಣ್ಣ ಸೆಟ್ ನುಡಿಸಿ ಹೆಸರಾದರು. ನಿಂತು ನುಡಿಸುವ ಪುಟ್ಟ ಸೆಟ್ ಎಂದರೆ ಇಂದಿಗೂ ಜನರ ಕಣ್ಣಿಗೆ ಕಟ್ಟುವುದು ಅವರದೇ ಚಿತ್ರ.

ಈ ಇತಿಹಾಸದಿಂದ ಆಯ್ಕೆಯ ಮೊದಲ ಸೂತ್ರ ಸಿಗುತ್ತದೆ. ರಾಕಬಿಲಿಯಲ್ಲಿ ಲಯದ ಬೆನ್ನೆಲುಬು ಬಾಸ್ ತಂತಿಯ ಚಟಪಟ ಮತ್ತು ಸ್ನೇರ್‌ನ ಪೆಟ್ಟು. ಸಿಂಬಲ್ ಆಮೇಲೆ ಬಂದ ನೆಂಟ. ಅದರ ಸದ್ದು ಈ ಎರಡನ್ನೂ ಮುಚ್ಚಿಹಾಕಬಾರದು. ಬೇರೆ ಬೇರೆ ಸಿಂಬಲ್‌ಗಳ ನಡುವೆ ಮನಸ್ಸು ತೂಗುಯ್ಯಾಲೆ ಆಡುವಾಗ ಈ ಸೂತ್ರಕ್ಕೆ ಮರಳಿದರೆ ದಾರಿ ತಿಳಿಯುತ್ತದೆ.

ಒಂದು ತಟ್ಟೆ, ನಾಲ್ಕು ಕೆಲಸ

ಸಿಂಬಲ್‌ಗೆ ಮೂರು ಭಾಗ: ನಡುವಿನ ಉಬ್ಬು, ಅದರಿಂದ ಇಳಿಜಾರಾಗಿ ಹರಡುವ ಮೈ, ಕೊನೆಯ ಅಂಚು. ಉಬ್ಬಿಗೆ ವಾದಕರು ಬೆಲ್ ಎನ್ನುತ್ತಾರೆ. ಒಂದೇ ಸಿಂಬಲ್ ಇಟ್ಟುಕೊಂಡವರು ಈ ಮೂರನ್ನೂ ದುಡಿಸಿಕೊಳ್ಳಬೇಕು.

ಮೊದಲ ಕೆಲಸ ಲಯ ಹಿಡಿಯುವುದು. ಕೋಲಿನ ತುದಿ ಮೈಗೆ ಬಿದ್ದಾಗ ಪ್ರತಿ ಪೆಟ್ಟೂ ಬಿಡಿಬಿಡಿಯಾಗಿ ಕೇಳಬೇಕು. ರಾಕಬಿಲಿಯ ಎಷ್ಟೋ ಹಾಡುಗಳು ನಿಮಿಷಕ್ಕೆ 160ಕ್ಕೂ ಹೆಚ್ಚಿನ ಎಣಿಕೆಯಲ್ಲಿ ಓಡುತ್ತವೆ. ಆ ವೇಗದಲ್ಲಿ ಹಿಂದಿನ ಪೆಟ್ಟಿನ ಗುಂಯ್‌ಗುಡುವಿಕೆ ಮುಂದಿನದನ್ನು ನುಂಗುವಂತಿದ್ದರೆ ಲಯ ಕಲಸಿಹೋಗುತ್ತದೆ.

ಎರಡನೆಯದು ಒತ್ತು. ಸಾಲು ಮುಗಿದಾಗ, ಗಿಟಾರ್ ಏಕವಾದನ ಶುರುವಾದಾಗ ಕೋಲಿನ ಭುಜ, ಅಂದರೆ ತುದಿಯ ಹಿಂದಿನ ಇಳಿಜಾರು ಭಾಗ, ಅಂಚಿಗೆ ಬಿದ್ದರೆ ಝಲ್ಲೆಂದು ತಟ್ಟನೆ ಸಿಡಿಯಬೇಕು. ಸದ್ದು ಅರಳಲು ಹೊತ್ತು ಹಿಡಿಯುವ ಸಿಂಬಲ್ ಈ ಕೆಲಸಕ್ಕೆ ಬರುವುದಿಲ್ಲ.

ಮೂರನೆಯದು ಬೆಲ್‌ನ ಠಣ್ ಸದ್ದು. ಹಾಡಿನ ಯಾವುದೋ ಒಂದು ಭಾಗವನ್ನು ಉಳಿದದ್ದರಿಂದ ಬೇರೆಯಾಗಿಸಲು ಇದು ಬೇಕು.

ನಾಲ್ಕನೆಯದನ್ನು ಕೊಳ್ಳುವವರು ಹೆಚ್ಚಾಗಿ ಮರೆಯುತ್ತಾರೆ, ಅದು ಮೌನ. ರಾಕಬಿಲಿಯಲ್ಲಿ ಇಡೀ ತಂಡ ಒಂದೇಟಿಗೆ ನಿಂತು ಗಾಯಕರೊಬ್ಬರೇ ಹಾಡುವ ಜಾಗಗಳು ಬಹಳ. ಆಗ ಅಂಚನ್ನು ಬೆರಳಲ್ಲಿ ಹಿಡಿದ ಕೂಡಲೇ ಸದ್ದು ಅಡಗಬೇಕು. ತೆಳುವಾದ, ಮಧ್ಯಮ ಗಾತ್ರದ ಸಿಂಬಲ್ ಒಂದೇ ಹಿಡಿತಕ್ಕೆ ಸುಮ್ಮನಾಗುತ್ತದೆ. ದಪ್ಪ, ದೊಡ್ಡ ತಟ್ಟೆ ಬೆರಳ ಸಂದಿಯಲ್ಲೂ ಗುನುಗುತ್ತಿರುತ್ತದೆ.

ಈ ನಾಲ್ಕನ್ನೂ ನೂರಕ್ಕೆ ನೂರು ಮಾಡುವ ಸಿಂಬಲ್ ಸಿಗುವುದು ಕಷ್ಟ. ಲಯವನ್ನು ಚೆನ್ನಾಗಿ ಹಿಡಿದು, ಒತ್ತನ್ನು ತೃಪ್ತಿಯಾಗುವಷ್ಟು ಕೊಟ್ಟರೆ ಸಾಕು. ತಯಾರಕರು ಇಂಥವನ್ನು ‘ಕ್ರ್ಯಾಶ್ ರೈಡ್’ ಎಂಬ ಹೆಸರಿನಲ್ಲಿ ಮಾರುತ್ತಾರೆ. ಆ ಹೆಸರಿಲ್ಲದ, ಲಯಕ್ಕೆಂದು ಮಾಡಿದ ತೆಳು ರೈಡ್ ಅಥವಾ ಒತ್ತಿಗೆಂದು ಮಾಡಿದ ದೊಡ್ಡ ಕ್ರ್ಯಾಶ್ ಕೂಡ ಈ ಕೆಲಸಕ್ಕೆ ಒದಗುತ್ತದೆ.

ಗಾತ್ರ

ಸಿಂಬಲ್ ಅಳತೆ ಎಲ್ಲ ಕಡೆಯೂ ಇಂಚಿನಲ್ಲೇ ನಡೆಯುತ್ತದೆ. 16 ಇಂಚಿನದು ಒತ್ತಿಗೆ ಚೆನ್ನ, ಆದರೆ ಲಯ ಹಿಡಿಯಲು ಅದರ ಮೈ ಸಾಲದು; ನಾಲ್ಕು ಪೆಟ್ಟಿಗೇ ಸದ್ದು ತುಂಬಿಕೊಂಡು ಬಿಡಿ ಪೆಟ್ಟು ಮಾಯವಾಗುತ್ತದೆ. 18 ಇಂಚು, ಅಂದರೆ ಸುಮಾರು 46 ಸೆಂಟಿಮೀಟರಿನದು ಚುರುಕು. ಬೇಗ ಸಿಡಿದು ಬೇಗ ಅಡಗುತ್ತದೆ, ಸಣ್ಣ ಕೋಣೆಗೆ ಹೊಂದುತ್ತದೆ, ಬೆನ್ನಿಗೆ ಹಾಕಿಕೊಂಡು ಸ್ಕೂಟರ್ ಓಡಿಸಲು ಅಡ್ಡಿಯಿಲ್ಲ. 20 ಇಂಚಿನದು ಸುಮಾರು 51 ಸೆಂಟಿಮೀಟರ್. ಲಯಕ್ಕೆ ಬೇಕಾದ ವಿಸ್ತಾರ, ಒತ್ತಿಗೆ ಬೇಕಾದ ಗಾಂಭೀರ್ಯ ಎರಡೂ ಇದರಲ್ಲಿವೆ. 22 ಇಂಚಿನದು ದೊಡ್ಡ ವೇದಿಕೆಗೆ, ನಿಧಾನಗತಿಯ ಹಾಡಿಗೆ ಒಪ್ಪುತ್ತದೆ. ಆದರೆ ಅದರ ಒತ್ತು ಭಾರ, ಸದ್ದು ಅಡಗುವುದು ತಡ.

ಮನೆಯಲ್ಲಿ ಅಭ್ಯಾಸ, ಆಗಾಗ ಚಿಕ್ಕ ವೇದಿಕೆ ಎನ್ನುವವರಿಗೆ 18 ಇಂಚು ಸರಿ. ಕಾರ್ಯಕ್ರಮಗಳೇ ಹೆಚ್ಚಾದರೆ 20 ಇಂಚು. ಎರಡರ ನಡುವೆ 19 ಇಂಚಿನವೂ ಬರುತ್ತವೆ. ಸಿಕ್ಕರೆ ನೋಡದೆ ಬಿಡಬಾರದು.

ತೂಕ ಮತ್ತು ಆಕಾರ

ಗಾತ್ರಕ್ಕಿಂತಲೂ ಸದ್ದನ್ನು ಹೆಚ್ಚಾಗಿ ನಿರ್ಧರಿಸುವುದು ತೂಕ. ತೆಳು ಕಾವಲಿ ಬೇಗ ಕಾಯ್ದು ಬೇಗ ಆರುತ್ತದೆ, ದಪ್ಪ ಕಾವಲಿ ನಿಧಾನವಾಗಿ ಕಾಯ್ದು ಬಹಳ ಹೊತ್ತು ಬಿಸಿಯಿರುತ್ತದೆ. ಸಿಂಬಲ್ ವರ್ತಿಸುವುದೂ ಹಾಗೆಯೇ. ತೆಳುವಾದದ್ದು ಸಣ್ಣ ಪೆಟ್ಟಿಗೇ ಅರಳುತ್ತದೆ, ಸ್ಥಾಯಿ ತಗ್ಗು, ಸದ್ದು ಬೇಗ ಇಳಿಯುತ್ತದೆ. ದಪ್ಪನೆಯದರ ಸ್ಥಾಯಿ ಏರು, ಕೋಲಿನ ಪೆಟ್ಟು ಸ್ಪಷ್ಟ, ಒತ್ತು ಹೊರಡಲು ಬಲವಾಗಿ ಬಾರಿಸಬೇಕು, ಸದ್ದು ಬಹಳ ಹೊತ್ತು ನಿಲ್ಲುತ್ತದೆ.

18 ಇಂಚಿನ ಸಿಂಬಲ್ 1,300ರಿಂದ 1,400 ಗ್ರಾಂ ಇದ್ದರೆ ತೆಳು, 1,500ರಿಂದ 1,650ರಷ್ಟಿದ್ದರೆ ಮಧ್ಯಮ. 20 ಇಂಚಿನದರಲ್ಲಿ 1,700ರಿಂದ 1,900 ಗ್ರಾಂ ತೆಳು, 2,000ರಿಂದ 2,300 ಮಧ್ಯಮ, 2,500 ದಾಟಿದರೆ ಭಾರ. ರಾಕಬಿಲಿಗೆ ಬೇಕಾದದ್ದು ತೆಳುವಿನ ಕೊನೆಯಿಂದ ಮಧ್ಯಮದ ನಡುವಿನವರೆಗಿನ ತೂಕ: 18 ಇಂಚಿಗೆ ಸುಮಾರು ಒಂದೂವರೆ ಕಿಲೊ, 20 ಇಂಚಿಗೆ ಸುಮಾರು ಎರಡು ಕಿಲೊ. ಒಂದೇ ಮಾದರಿಯ ಎರಡು ತಟ್ಟೆಗಳಲ್ಲೂ ನೂರಿನ್ನೂರು ಗ್ರಾಂ ವ್ಯತ್ಯಾಸ ಇರುವುದುಂಟು. ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ನೋಡಿದರೆ ಮುದ್ರೆಯಲ್ಲಿರುವ ಹೆಸರಿಗಿಂತ ಹೆಚ್ಚಿನ ಮಾಹಿತಿ ಸಿಗುತ್ತದೆ.

ಆಕಾರವನ್ನು ನೋಡಲು ಸಿಂಬಲ್ಲನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಪಕ್ಕದಿಂದ ನೋಡಬೇಕು. ಮೈ ಕಮಾನಿನಂತೆ ಎತ್ತರವಾಗಿದ್ದರೆ ಸ್ಥಾಯಿ ಏರು, ಪೆಟ್ಟು ಸ್ಪಷ್ಟ. ಚಪ್ಪಟೆಯಾಗಿದ್ದರೆ ಸ್ಥಾಯಿ ತಗ್ಗು, ಸದ್ದಿನ ಹರಡುವಿಕೆ ಹೆಚ್ಚು. ಬೆಲ್ ದೊಡ್ಡದಿದ್ದಷ್ಟೂ ಗುಂಯ್‌ಗುಡುವಿಕೆ ಹೆಚ್ಚು, ಚಿಕ್ಕದಿದ್ದಷ್ಟೂ ಸದ್ದು ಒಣ. ಮಧ್ಯಮ ಕಮಾನು, ಚಿಕ್ಕ ಅಥವಾ ಮಧ್ಯಮ ಬೆಲ್, ನಡುವಿನಿಂದ ಅಂಚಿಗೆ ಹೋದಂತೆ ತೆಳುವಾಗುವ ಮೈ — ಈ ಮೂರು ಕೂಡಿದ ಸಿಂಬಲ್ ಲಯ ಮತ್ತು ಒತ್ತು ಎರಡನ್ನೂ ಕೊಡುತ್ತದೆ. ಅಂಚನ್ನು ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿದಾಗ ಅದು ತುಸು ಬಾಗಿ ವಾಪಸು ಬರಬೇಕು.

ಲೋಹ

ಒಳ್ಳೆಯ ಸಿಂಬಲ್‌ಗಳೆಲ್ಲ ಕಂಚಿನವು, ಅಂದರೆ ತಾಮ್ರ ಮತ್ತು ತವರದ ಮಿಶ್ರಣ. ಕರ್ನಾಟಕದ ಕಿವಿಗೆ ಈ ಲೋಹ ಹೊಸದಲ್ಲ. ಯಕ್ಷಗಾನದ ಭಾಗವತರ ಕೈಯಲ್ಲಿರುವ ತಾಳ, ತೆಂಕುತಿಟ್ಟಿನ ಚಕ್ರತಾಳ, ಮಲೆ ಮಹದೇಶ್ವರನ ಗುಡ್ಡರ ಕಂಸಾಳೆ, ಮಂಗಳಾರತಿಯ ಜಾಗಟೆ ಎಲ್ಲವೂ ಕಂಚಿನ ಕುಲದವೇ. ಗಂಟೆಗೆ ಬಳಸುವ ಕಂಚಿನಲ್ಲಿ ನೂರಕ್ಕೆ ಸುಮಾರು 78 ಪಾಲು ತಾಮ್ರ, 22 ಪಾಲು ತವರ. ಟರ್ಕಿಯ ಪರಂಪರೆಯ ಸಿಂಬಲ್‌ಗಳಲ್ಲಿ ಅದು 80 ಮತ್ತು 20. ಇದಕ್ಕೆ ‘ಬಿ20’ ಎಂದು ಹೆಸರು. ಇಷ್ಟು ತವರವಿರುವ ಕಂಚು ತಣ್ಣಗಿದ್ದಾಗ ಪೆಡಸು, ಜೋರಾಗಿ ಬಡಿದರೆ ಬಿರಿಯುತ್ತದೆ. ಕೆಂಪಗೆ ಕಾಯಿಸಿ ನೀರಿಗೆ ಅದ್ದಿದರೆ ಹದಕ್ಕೆ ಬರುತ್ತದೆ. ಉಕ್ಕನ್ನು ಕಾಯಿಸಿ ಅದ್ದಿದರೆ ಗಟ್ಟಿಯಾಗುತ್ತದೆ, ಈ ಕಂಚಿನಲ್ಲಿ ನಡೆಯುವುದು ಅದಕ್ಕೆ ತದ್ವಿರುದ್ಧ. ಇಸ್ತಾಂಬುಲ್ಲಿನ ಸಿಂಬಲ್ ತಯಾರಕರಿಗೂ ಭಾರತದ ಕಂಚುಗಾರರಿಗೂ ಈ ಗುಣ ಬಹುಕಾಲದಿಂದ ಗೊತ್ತು.

ಇಸ್ತಾಂಬುಲ್ಲಿನಲ್ಲಿ 1623ರಲ್ಲಿ ಆರಂಭವಾದ ಜಿಲ್ಜಿಯನ್ ಮನೆತನದ ಸಿಂಬಲ್ ಕಾರ್ಖಾನೆ 1929ರಲ್ಲಿ ಅಮೆರಿಕದಲ್ಲೂ ಶುರುವಾಯಿತು. ಅದೇ ಮನೆತನದವರೊಬ್ಬರು 1981ರಲ್ಲಿ ಕೆನಡಾದಲ್ಲಿ ಸೇಬಿಯನ್ ಸಂಸ್ಥೆ ಸ್ಥಾಪಿಸಿದರು. ಟರ್ಕಿಯ ಪರಂಪರೆ ಹೀಗೆ ಅಮೆರಿಕ ಸೇರಿದ್ದರಿಂದ, 1950ರ ದಶಕದ ಅಮೆರಿಕನ್ ಸಂಗೀತದ ಮಿನುಗು, ಚುರುಕು ಸದ್ದು ಬೇಕೆಂದರೆ ಬಿ20 ಕಂಚಿನ ಸಿಂಬಲ್ಲೇ ನೇರ ದಾರಿ.

ನೂರಕ್ಕೆ 8 ಪಾಲು ತವರವಿರುವ ‘ಬಿ8’ ಕಂಚು ಅಗ್ಗ. ಹಾಳೆಯಿಂದ ಕತ್ತರಿಸಿ ಮಾಡುವ ಆರಂಭಿಕರ ಸಿಂಬಲ್‌ಗಳಲ್ಲಿ ಇದೇ ಹೆಚ್ಚು. ಇದರ ಸದ್ದು ತೀಕ್ಷ್ಣ, ನೇರ. ಆದರೆ ಬಿ8 ಎಂದ ಮಾತ್ರಕ್ಕೆ ಕೀಳೆಂದು ತಳ್ಳಿಹಾಕಬಾರದು. 1971ರಲ್ಲಿ ಬಂದು ರಾಕ್ ಸಂಗೀತದಲ್ಲಿ ದೊಡ್ಡ ಹೆಸರು ಮಾಡಿದ ಪೈಸ್ಟೆ ಸಂಸ್ಥೆಯ ‘2002’ ಸರಣಿ ಈ ಕಂಚಿನದೇ. ಕೈಕೆಲಸ ಮತ್ತು ಬಡಿತದ ಹದ ಚೆನ್ನಾಗಿದ್ದರೆ ಮಿಶ್ರಣ ಎರಡನೆಯ ಮಾತು.

ಹಿತ್ತಾಳೆಯ ಸಿಂಬಲ್‌ಗಳು ಹೊಸ ಸೆಟ್‌ನ ಜೊತೆ ಉಚಿತವಾಗಿ ಬರುತ್ತವೆ. ಬ್ಯಾಂಡ್ ಸೆಟ್ ವಾದ್ಯಗಳಿಗೆ ಹೆಸರಾದ ಮೀರತ್‌ನ ಜಾಲಿ ಕೋಠಿಯಂಥ ಮಾರುಕಟ್ಟೆಗಳಲ್ಲೂ ಹಿತ್ತಾಳೆಯದೇ ಕಾರುಬಾರು. ಮೆರವಣಿಗೆಯ ಬ್ಯಾಂಡಿಗೆ ಅವು ಸಾಕು. ಲಯ, ಒತ್ತು, ಬೆಲ್ ಮೂರನ್ನೂ ಒಂದೇ ತಟ್ಟೆಯಿಂದ ಹೊರಡಿಸಬೇಕಾದ ಸೆಟ್‌ಗೆ ಹಿತ್ತಾಳೆ ಸಾಲದು, ಏಕೆಂದರೆ ಎಲ್ಲಿ ಬಾರಿಸಿದರೂ ಅದರ ಸದ್ದು ಹೆಚ್ಚುಕಡಿಮೆ ಒಂದೇ. ಡ್ರಮ್‌ಗೆ ಕೊಡುವ ಹಣದಲ್ಲಿ ಸ್ವಲ್ಪ ಉಳಿಸಿ ಸಿಂಬಲ್‌ಗೆ ಹಾಕುವುದು ಜಾಣತನ. ಸಾಧಾರಣ ಸ್ನೇರ್‌ಗೆ ಹೊಸ ಹೊದಿಕೆ ಹಾಕಿ, ಶ್ರುತಿ ಮಾಡಿ ಸುಧಾರಿಸಬಹುದು. ಕಳಪೆ ಸಿಂಬಲ್ಲನ್ನು ಸುಧಾರಿಸಲು ಯಾವ ಉಪಾಯವೂ ಇಲ್ಲ.

ರಿವೆಟ್ ಬೇಕೇ?

ಕೆಲವು ಸಿಂಬಲ್‌ಗಳ ಅಂಚಿನ ಬಳಿ ತೂತು ಕೊರೆದು ಸಡಿಲವಾದ ರಿವೆಟ್‌ಗಳನ್ನು ಹಾಕಿರುತ್ತಾರೆ. ಪೆಟ್ಟು ಬಿದ್ದಾಗ ಅವು ನಡುಗಿ ‘ಸ್ಸ್’ ಎಂಬ ಹುರಿಯುವ ಸದ್ದು ಹೊರಡಿಸುತ್ತವೆ. ಹಳೆಯ ಕಾಲದ ಬಣ್ಣ ಬಯಸುವವರಿಗೆ, ನಿಧಾನಗತಿಯ ಹಾಡುಗಳಿಗೆ ಇದು ಹಿತ. ಆದರೆ ಒಂದೇ ಸಿಂಬಲ್ ಇರುವಾಗ ಎಲ್ಲ ಹಾಡಿಗೂ ಅದೇ ಸದ್ದು ಅಂಟಿಕೊಳ್ಳುತ್ತದೆ, ಕೊರೆದ ತೂತು ಮತ್ತೆ ಮುಚ್ಚುವುದಿಲ್ಲ. ಅದರ ಬದಲು ಸಣ್ಣ ಮಣಿಸರಪಳಿಯೊಂದನ್ನು ಸ್ಟ್ಯಾಂಡಿನ ತಿರುಪಿಗೆ ಸಿಕ್ಕಿಸಿ ಸಿಂಬಲ್ ಮೇಲೆ ಇಳಿಬಿಟ್ಟರೆ ಹತ್ತಿರ ಹತ್ತಿರ ಅದೇ ಸದ್ದು ಬರುತ್ತದೆ, ಬೇಡವಾದಾಗ ತೆಗೆದಿಡಬಹುದು.

ಕೋಣೆ, ನೆರೆಮನೆ, ವೇದಿಕೆ

ಇಟ್ಟಮಡುವಿನ ಓಣಿಗಳಲ್ಲಿ ಒಂದು ಮನೆಯ ಕಿಟಕಿ ಇನ್ನೊಂದು ಮನೆಯ ಕಿಟಕಿಗೆ ಎದುರಾಗಿರುತ್ತದೆ. ಮುಚ್ಚಿದ ಕೋಣೆಯೊಳಗೆ ಡ್ರಮ್ ಸೆಟ್‌ನ ಸದ್ದು 100 ಡೆಸಿಬಲ್ ದಾಟುತ್ತದೆ. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶಕ್ಕೆ ಹಗಲಿನಲ್ಲಿ 55, ರಾತ್ರಿ 45 ಡೆಸಿಬಲ್ ಮಿತಿ. ರಾತ್ರಿ ಎಂದರೆ 10 ಗಂಟೆಯಿಂದ ಬೆಳಿಗ್ಗೆ 6ರವರೆಗೆ. ಖಾಸಗಿ ಜಾಗದ ವಾದ್ಯದ ಸದ್ದು ಆ ಜಾಗದ ಗಡಿಯಲ್ಲಿ ಈ ಮಿತಿಗಿಂತ 5 ಡೆಸಿಬಲ್‌ಗಿಂತ ಹೆಚ್ಚಾಗುವಂತಿಲ್ಲ. ಹೀಗಾಗಿ ಮನೆಯಲ್ಲಿ ಅಭ್ಯಾಸ ಮಾಡುವವರಿಗೆ ತೆಳು ಸಿಂಬಲ್, ಸಣ್ಣ 7ಎ ಅಳತೆಯ ಕೋಲು ಮತ್ತು ತಂತಿಯ ಬ್ರಶ್ ಅಗತ್ಯ. ಬ್ರಶ್‌ನ ಮೆಲುಪೆಟ್ಟಿಗೂ ಅರಳುವ ತೆಳು ಸಿಂಬಲ್ ಕೋಣೆಯಲ್ಲಿ ಸಂತೋಷ ಕೊಡುತ್ತದೆ. ಭಾರದ್ದು ಬ್ರಶ್‌ಗೆ ಮಾತಾಡುವುದೇ ಇಲ್ಲ. ದಿನವೂ ಗಂಟೆಗಟ್ಟಲೆ ಅಭ್ಯಾಸವಿದ್ದರೆ ಮೈತುಂಬ ತೂತುಗಳಿರುವ, ಸದ್ದು ಕಡಿಮೆ ಮಾಡುವ ಸಿಂಬಲ್ ಒಂದನ್ನು ಮನೆಗೆಂದೇ ಇಟ್ಟುಕೊಂಡು, ಒಳ್ಳೆಯದನ್ನು ವೇದಿಕೆಗೆ ಮೀಸಲಿಡಬಹುದು. ಎಲ್ಲಿ ನುಡಿಸಿದರೂ ಕಿವಿಗೆ ರಕ್ಷಣೆಯ ಬಿರಡೆ ಇರಲೇಬೇಕು.

ವೇದಿಕೆಯ ಲೆಕ್ಕ ಬೇರೆ. ಗಣೇಶೋತ್ಸವ, ರಾಜ್ಯೋತ್ಸವದ ಬಯಲು ವೇದಿಕೆಯಲ್ಲಿ ಗೋಡೆಗಳಿಲ್ಲದ ಕಾರಣ ಸದ್ದು ಹರಡಿಹೋಗುತ್ತದೆ. ಅಲ್ಲಿ 20 ಇಂಚಿನ ಮಧ್ಯಮ ತೂಕದ ಸಿಂಬಲ್ ಸರಿಯಾಗಿ ಕೇಳಿಸುತ್ತದೆ. ಗಾಜಿನ ಗೋಡೆ, ಟೈಲ್ಸ್ ನೆಲದ ಕೆಫೆಯಲ್ಲಿ ಅದೇ ಸಿಂಬಲ್ ಕಿವಿಗೆ ಚುಚ್ಚುತ್ತದೆ, 18 ಇಂಚಿನ ತೆಳುವಾದದ್ದು ಸಾಕಾಗುತ್ತದೆ. ಎರಡೂ ಕಡೆ ನುಡಿಸುವವರು ತೆಳುವಿನ ಕಡೆಗೆ ವಾಲುವುದು ಒಳ್ಳೆಯದು. ಕಡಿಮೆ ಸದ್ದನ್ನು ಮೈಕ್ ಹೆಚ್ಚಿಸಬಲ್ಲದು. ಅತಿಯಾದ ಸದ್ದನ್ನು ವೇದಿಕೆಯ ಮೇಲೆ ಇಳಿಸುವ ಉಪಕರಣ ಇಲ್ಲ.

ಅಂಗಡಿಯಲ್ಲಿ ಪರೀಕ್ಷೆ

ಸಿಂಬಲ್ಲನ್ನು ಕೇಳದೆ ಕೊಳ್ಳಬಾರದು. ಅಂಗಡಿಗೆ ದಿನವೂ ಬಳಸುವ ಕೋಲು, ಬ್ರಶ್ ಒಯ್ಯಬೇಕು. ಅಲ್ಲಿನ ದಪ್ಪ ಕೋಲಿನಲ್ಲಿ ಬಾರಿಸಿದರೆ ಕೇಳುವುದು ಬೇರೆಯೇ ಸದ್ದು. ಸಾಲಾಗಿ ತೂಗುಹಾಕಿದ ಸಿಂಬಲ್‌ಗಳ ನಡುವೆ ಒಂದನ್ನು ಬಾರಿಸಿದರೆ ಪಕ್ಕದವೂ ಅನುರಣಿಸುತ್ತವೆ, ಆದ್ದರಿಂದ ಬೇಕಾದದ್ದನ್ನು ಬೇರೆ ಸ್ಟ್ಯಾಂಡಿಗೆ ಹಾಕಿಸಿಕೊಳ್ಳಬೇಕು. ನಿಂತು ನುಡಿಸುವವರು ಸ್ಟ್ಯಾಂಡನ್ನು ತಮ್ಮ ಎತ್ತರಕ್ಕೆ ಏರಿಸಿಕೊಳ್ಳಬೇಕು.

ಮೊದಲು ಕೋಲಿನ ತುದಿಯಿಂದ ಮೈಯ ನಡುವೆ ಮಧ್ಯಮ ವೇಗದ ಲಯವನ್ನು ಒಂದು ನಿಮಿಷ ನುಡಿಸಬೇಕು. ಹತ್ತು ಸೆಕೆಂಡಿನಲ್ಲಿ ಎಲ್ಲ ಸಿಂಬಲ್‌ಗಳೂ ಚೆನ್ನಾಗಿಯೇ ಕೇಳುತ್ತವೆ. ಹಿನ್ನೆಲೆಯ ಸದ್ದು ಏರುತ್ತಾ ಹೋಗಿ ಪೆಟ್ಟನ್ನು ಮುಳುಗಿಸುತ್ತದೆಯೋ, ಒಂದು ಮಟ್ಟಕ್ಕೆ ಬಂದು ನಿಲ್ಲುತ್ತದೆಯೋ ಎನ್ನುವುದು ನಿಮಿಷದ ಕೊನೆಗೆ ತಿಳಿಯುತ್ತದೆ. ನಿಲ್ಲುವುದೇ ಬೇಕಾದದ್ದು. ಆಮೇಲೆ ಇದನ್ನೇ ವೇಗವಾಗಿ ನುಡಿಸಿ, ಲಯ ಮುರಿಯದೆ ನಡುವೆ ಅಂಚಿಗೆ ಒಂದು ಒತ್ತು ಕೊಟ್ಟು ಮತ್ತೆ ಮೈಗೆ ಮರಳಬೇಕು. ಒತ್ತಿನ ಸದ್ದು ಒಂದೆರಡು ಎಣಿಕೆಯೊಳಗೆ ಇಳಿದು ಲಯ ಮತ್ತೆ ಸ್ಪಷ್ಟವಾಗಬೇಕು. ನಂತರ ಬೆಲ್ ಮೇಲೆ ಕೋಲಿನ ಭುಜದಿಂದ ಬಾರಿಸಿ, ಕೊನೆಗೆ ಒತ್ತು ಕೊಟ್ಟ ತಕ್ಷಣ ಅಂಚು ಹಿಡಿದು ಸದ್ದು ಅಡಗಿಸಿ ನೋಡಬೇಕು.

ಇದೆಲ್ಲ ಆದ ಮೇಲೆ ಕೋಲನ್ನು ಜೊತೆಗೆ ಬಂದವರ ಕೈಗೆ ಕೊಟ್ಟು ಹತ್ತು ಹನ್ನೆರಡು ಅಡಿ ದೂರ ನಿಂತು ಕೇಳಬೇಕು. ವಾದಕರ ಕಿವಿಯ ಬಳಿ ಒರಟಾಗಿ ಕೇಳುವ ಸಿಂಬಲ್ ದೂರಕ್ಕೆ ಇಂಪಾಗಿರುವುದುಂಟು, ಹತ್ತಿರದಲ್ಲಿ ಮಧುರವಾದದ್ದು ದೂರಕ್ಕೆ ಕೇಳಿಸದೆ ಹೋಗುವುದೂ ಉಂಟು. ಕಾಸು ಕೊಟ್ಟು ಕೇಳಲು ಬರುವವರು ಕೂರುವುದು ದೂರದಲ್ಲಿ.

ಹಳೆಯದನ್ನು ಕೊಳ್ಳುವಾಗ

ಬಿ20 ಕಂಚಿನ ಹೊಸ ಸಿಂಬಲ್ ದುಬಾರಿಯಾದ್ದರಿಂದ ಅನೇಕರು ಬಳಸಿದ್ದನ್ನು ಹುಡುಕುತ್ತಾರೆ. ಇದರಲ್ಲಿ ತಪ್ಪಿಲ್ಲ. ಚೆನ್ನಾಗಿ ನೋಡಿಕೊಂಡ ಸಿಂಬಲ್ ದಶಕಗಟ್ಟಲೆ ಬಾಳುತ್ತದೆ, ಹಳೆಯದಾದಂತೆ ಸದ್ದು ಮೃದುವಾಗುತ್ತದೆ. ಬಣ್ಣ ಮಂಕಾದದ್ದು, ಕಪ್ಪು ಕಲೆ, ಹಸಿರು ಕಿಲುಬು, ಮುದ್ರೆ ಅಳಿಸಿದ್ದು ಯಾವುದೂ ದೋಷವಲ್ಲ, ಬೆಲೆ ಇಳಿಸಲು ನೆಪ ಅಷ್ಟೆ.

ನೋಡಬೇಕಾದದ್ದು ಬಿರುಕು. ಸಿಂಬಲ್ಲನ್ನು ಬೆಳಕಿಗೆ ಹಿಡಿದು, ಅಂಚಿನ ಸುತ್ತ ಉಗುರನ್ನು ನಿಧಾನವಾಗಿ ಓಡಿಸಬೇಕು. ಉಗುರು ಸಿಕ್ಕಿಕೊಂಡ ಕಡೆ ನಿಂತು ಎರಡೂ ಬದಿ ನೋಡಬೇಕು. ಒಂದೇ ಬದಿಯಲ್ಲಿದ್ದರೆ ಸಣ್ಣ ಗಾಯ, ಎರಡೂ ಬದಿಯಲ್ಲಿದ್ದರೆ ಬಿರುಕು. ಮೈಮೇಲಿನ ಉರುಟು ಗೆರೆಗಳ ಗುಂಟ ಸಾಗುವ ಬಿರುಕು ಕಣ್ಣಿಗೆ ಸುಲಭವಾಗಿ ಬೀಳುವುದಿಲ್ಲ. ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ತುಸುವೇ ಬಾಗಿಸಿದರೆ ಅದು ಬಾಯಿಬಿಡುತ್ತದೆ. ನಡುವಿನ ತೂತು ಉರುಟಾಗಿರಬೇಕು. ಬೀಗದ ಕೈ ಹಾಕುವ ತೂತಿನ ಹಾಗೆ ಒಂದು ಕಡೆ ಸವೆದಿದ್ದರೆ ಹಿಂದಿನವರು ಪ್ಲಾಸ್ಟಿಕ್ ಕೊಳವೆ ಹಾಕದೆ ಬಳಸಿದ್ದಾರೆ ಎಂದರ್ಥ. ಅಲ್ಲಿಂದ ಬೆಲ್ ಕಡೆಗೆ ಬಿರುಕು ಹೊರಟಿದ್ದರೆ ಎಷ್ಟೇ ಅಗ್ಗವಾದರೂ ಬೇಡ. ಕೊನೆಗೆ ಅಂಚಿನ ಸುತ್ತಲೂ ಎಂಟು ಕಡೆ ಮೆಲ್ಲಗೆ ತಟ್ಟಿ ಕೇಳಬೇಕು. ಒಂದು ಕಡೆ ಝರಝರ ಎಂಬ ಒಡಕು ಸದ್ದು ಬಂದರೆ ಕಣ್ಣಿಗೆ ಕಾಣದ ಬಿರುಕು ಅಲ್ಲಿದೆ.

ಸ್ಟ್ಯಾಂಡ್ ಮತ್ತು ಆರೈಕೆ

ಒಂದೇ ಸಿಂಬಲ್‌ಗೆ ಭಾರದ ಸ್ಟ್ಯಾಂಡ್ ಬೇಕಿಲ್ಲ. ನೇರವಾದ, ಕಾಲು ಚಪ್ಪಟೆಯಾಗಿ ಮಡಚುವ ಹಗುರ ಸ್ಟ್ಯಾಂಡ್ ಸಾಕು, ನಿಂತು ನುಡಿಸುವವರ ಎತ್ತರಕ್ಕೆ ಏರುವುದೇ ಎಂದು ಮಾತ್ರ ನೋಡಬೇಕು. ಸಿಂಬಲ್ ವಾದಕರ ಕಡೆಗೆ ತುಸು ಓರೆಯಾಗಿರಲಿ, ಸಮತಟ್ಟಾಗಿದ್ದರೆ ಕೋಲು ಅಂಚಿಗೆ ಅಡ್ಡಲಾಗಿ ಬಿದ್ದು ಬಿರುಕಿಗೆ ದಾರಿಯಾಗುತ್ತದೆ. ಕೆಳಗೊಂದು ಮೇಲೊಂದು ಉಣ್ಣೆಯ ಬಿಲ್ಲೆ, ತೂತಿನೊಳಗೆ ಪ್ಲಾಸ್ಟಿಕ್ ಕೊಳವೆ ತಪ್ಪಬಾರದು. ತಿರುಪನ್ನು ಬಿಗಿದು ಕಟ್ಟಬಾರದು. ಪೆಟ್ಟು ಬಿದ್ದಾಗ ತಟ್ಟೆ ತೂಗಾಡಬೇಕು, ಇಲ್ಲದಿದ್ದರೆ ಸದ್ದೂ ಕಟ್ಟುತ್ತದೆ, ಲೋಹವೂ ಬೇಗ ಸೋಲುತ್ತದೆ.

ನುಡಿಸಿದ ಮೇಲೆ ಬೆವರಿನ ಕೈಗುರುತನ್ನು ಒಣಬಟ್ಟೆಯಲ್ಲಿ ಒರೆಸಿದರೆ ಕಿಲುಬು ಬರುವುದಿಲ್ಲ. ಕೊಳೆ ಹೆಚ್ಚಾದರೆ ಪಾತ್ರೆ ತೊಳೆಯುವ ಸಾಬೂನಿನ ನೀರು ಸಾಕು, ಗೆರೆಗಳ ಗುಂಟ ಒರೆಸಿ ಪೂರ್ತಿ ಒಣಗಿಸಬೇಕು. ಪೂಜೆ ಸಾಮಾನಿಗೆ ಹಾಕುವ ಹುಣಸೆಹಣ್ಣು, ಬೂದಿ, ಬೆಳಗುವ ಪುಡಿ ಸಿಂಬಲ್‌ಗೆ ಬೇಡ. ಹುಳಿ ಲೋಹದ ಮೇಲ್ಪದರವನ್ನು ಎಳೆಯುತ್ತದೆ, ಪುಡಿ ಗೆರೆಗಳಲ್ಲಿ ಸಿಕ್ಕಿಕೊಂಡು ಸದ್ದನ್ನು ಮಂಕಾಗಿಸುತ್ತದೆ. ಒಯ್ಯುವಾಗ ದಪ್ಪ ಹೊದಿಕೆಯ ಚೀಲವಿರಲಿ. ಸ್ಕೂಟರ್‌ನ ಮುಂಭಾಗದಲ್ಲಿ ಅಂಚು ನೆಲಕ್ಕೆ ಕೊಟ್ಟು ನಿಲ್ಲಿಸಿದರೆ ಪ್ರತಿ ಹಳ್ಳಕ್ಕೂ ಅಂಚಿಗೆ ಪೆಟ್ಟು ಬೀಳುತ್ತದೆ. ಬೆನ್ನಿಗೆ ಹಾಕಿಕೊಳ್ಳುವುದೇ ಕ್ಷೇಮ.

ಒಟ್ಟು ನಿರ್ಧಾರ

ಮೊದಲ ಬಾರಿ ಕೊಳ್ಳುವವರು, ಹೆಚ್ಚಾಗಿ ಮನೆ ಮತ್ತು ಕೆಫೆಯಲ್ಲಿ ನುಡಿಸುವವರು 18 ಇಂಚಿನ, ಒಂದೂವರೆ ಕಿಲೊ ಆಸುಪಾಸಿನ ಬಿ20 ಕ್ರ್ಯಾಶ್ ರೈಡ್ ಹುಡುಕಬೇಕು. ಬಯಲು ವೇದಿಕೆ, ದೊಡ್ಡ ತಂಡ, ಡಬಲ್ ಬಾಸ್ ಜೊತೆ ನುಡಿಸುವವರಿಗೆ 20 ಇಂಚಿನ, ಎರಡು ಕಿಲೊ ಆಸುಪಾಸಿನದು. ಹಣ ಕಡಿಮೆಯಿದ್ದರೆ ಹೊಸ ಹಿತ್ತಾಳೆಯದಕ್ಕಿಂತ ಬಿರುಕಿಲ್ಲದ ಹಳೆಯ ಕಂಚಿನದು ಮೇಲು. ಎರಡು ಸಿಂಬಲ್ ಸಮಸಮ ಅನ್ನಿಸಿದರೆ ತೆಳುವಾದದ್ದನ್ನೇ ಆರಿಸಬೇಕು, ಏಕೆಂದರೆ ಬಾಸ್ ತಂತಿಯ ಚಟಪಟಕ್ಕೂ ಸ್ನೇರ್‌ನ ಪೆಟ್ಟಿಗೂ ಅದು ಜಾಗ ಬಿಡುತ್ತದೆ.